ಮಾರ್ಕ್ ಮಬ್ಬಾಯ್ತು ಅಂತ ಪವರ್ ಏರಿಸಬ್ಯಾಡ್ರಿ: ಲೇಸರ್ ಮಾರ್ಕಿಂಗ್ ಮಷಿನ್ ನೋಡ್ಕೊಳ್ಳೋದು ಹೆಂಗೆ

ನಮ್ ದಾವಣಗೆರೆ ಕಡೆ ಮದುವೆ ಸೀಜನ್ ಬಂತು ಅಂದ್ರೆ ಸ್ಟೀಲ್ ಪಾತ್ರೆ ಮೇಲೆ ಹೆಸರು ಹಾಕ್ಸೋರು ಸಾಲಾಗಿ ಬರ್ತಾರೆ. ಮೊದ್ಲೆಲ್ಲ ಪಾತ್ರೆ ಅಂಗಡಿಯಾಗೆ ಒಬ್ರು ಮೂಲೇಲಿ ಕೂತು ಗುರ್ ಅನ್ನೋ ಕರೆಂಟ್ ಪೆನ್ ಹಿಡ್ಕೊಂಡು ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೀತಿದ್ರು, ಈಗ ಅದೇ ಕೆಲಸಾನ ಫೈಬರ್ ಲೇಸರ್ ಕೆಲವೇ ಸೆಕೆಂಡಿನಾಗೆ ಮುಗಿಸಿ ಕೊಡುತ್ತೆ. ನಂದೂ ಅಂಥದೇ ಒಂದು ಸಣ್ಣ ಜಾಬ್ ವರ್ಕ್ ಅಂಗಡಿ, 20 ವ್ಯಾಟ್ ಫೈಬರ್ ಮಷಿನ್ ಒಂದು, ಮರ ಅಕ್ರಿಲಿಕ್‌ಗೆ ಅಂತ ಸಿಓ2 ಲೇಸರ್ ಒಂದು. ಪಾತ್ರೆ, ಬೋರ್‌ವೆಲ್ ಮೋಟರ್ ನೇಮ್‌ಪ್ಲೇಟ್, ಟ್ರೋಫಿ, ಸ್ಪ್ಯಾನರ್, ಏನ್ ಬಂದ್ರೂ ಮಾಡ್ತೀವಿ.

ಶುರುವಾದ ವರ್ಷ ನಾನು ಮಾಡಿದ ತಪ್ಪು ಮೊದ್ಲು ಹೇಳಿಬಿಡ್ತೀನಿ, ಯಾಕಂದ್ರೆ ಹೊಸಬ್ರು ಮುಕ್ಕಾಲುಪಾಲು ಜನ ಇದನ್ನೇ ಮಾಡ್ತಾರೆ. ಮಾರ್ಕ್ ಸ್ವಲ್ಪ ಮಬ್ಬು ಬಂತು, ಪವರ್ 50 ಪರ್ಸೆಂಟ್ ಇದ್ದದ್ದನ್ನ 60 ಮಾಡ್ದೆ, ಸರಿಹೋಯ್ತು. ಹದಿನೈದು ದಿನ ಬಿಟ್ಟು 70. ಆಮೇಲೆ 85. ಕೊನೆಗೆ 95 ಇಟ್ರೂ ಪಾತ್ರೆ ಮೇಲೆ ಉಗುರಿನಾಗೆ ಗೀರಿದಂಗೆ ಬರ್ತಿತ್ತು. ಸೋರ್ಸ್, ಅಂದ್ರೆ ಲೇಸರ್ ಹುಟ್ಟಿಸೋ ಡಬ್ಬ, ಹೋಯ್ತು, ಮಷಿನ್ ಅರ್ಧ ರೇಟು ನೀರಿಗೆ ಬಿತ್ತು ಅಂತ ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ದೆ. ಸರ್ವಿಸ್‌ನೋರು ಬಂದು ಟಾರ್ಚ್ ಹಾಕಿ ಕೆಳಗಿಂದ ಲೆನ್ಸ್ ತೋರಿಸಿದ್ರು. ಮಧ್ಯದಾಗೆ ಹೊಗೆ ಕಟ್ಟಿ ಕಟ್ಟಿ, ಅದರ ಮೇಲೆ ನಾನು ಪವರ್ ಏರಿಸಿ ಏರಿಸಿ, ಕೋಟಿಂಗೇ ಬೆಂದು ಬಿಳಿ ಕಲೆ ಆಗಿತ್ತು. ಸೋರ್ಸ್ ಗುಂಡುಕಲ್ಲಿನಂಗೆ ಗಟ್ಟಿಯಾಗೇ ಇತ್ತು. ಮೊದಲನೇ ವಾರದಾಗೆ ಎರಡು ಹನಿ ಆಲ್ಕೋಹಾಲ್ ಹಾಕಿ ಒರೆಸಿದ್ರೆ ಮುಗೀತಿತ್ತು, ಹೊಸ ಲೆನ್ಸೇ ಹಾಕಿಸ್ಬೇಕಾಯ್ತು.

ಅದಕ್ಕೇ ಹೇಳೋದು, ಮಾರ್ಕ್ ಮಬ್ಬಾಯ್ತು ಅಂದ್ರೆ ಬಹಳ ಸಲ ಲೇಸರ್ ಕಮ್ಮಿ ಆಗಿರಲ್ಲ, ದಾರಿಯಾಗೆ ಎಲ್ಲೋ ಸೋರ್ತಾ ಐತೆ. ಫೈಬರ್ ಸೋರ್ಸ್‌ಗೆ 1 ಲಕ್ಷ ಗಂಟೆ ಆಯಸ್ಸು ಅಂತ ಕ್ಯಾಟಲಾಗ್‌ನಾಗೆ ಬರೀತಾರೆ, ದಿನಕ್ಕೆ 8 ಗಂಟೆ ವರ್ಷಕ್ಕೆ 300 ದಿನ ಅಂತ ಹಿಡಿದ್ರೆ 40 ವರ್ಷದ ಮೇಲಾಯ್ತು. ಅಷ್ಟು ಬರುತ್ತೋ ಇಲ್ವೋ ಅದು ಬೇರೆ ಮಾತು, ಆದ್ರೆ ಎರಡನೇ ವರ್ಷಕ್ಕೇ ಮಾರ್ಕ್ ಮಬ್ಬಾದ್ರೆ ಮೊದಲ ಅನುಮಾನ ಸೋರ್ಸ್ ಮೇಲೆ ಬ್ಯಾಡ. ಧೂಳು, ಸೆಕೆ, ಕರೆಂಟು, ಆಮೇಲೆ ನಮ್ದೇ ಕೈ, ಈ ನಾಲ್ಕನ್ನ ನೋಡ್ರಿ.

ಮೊದ್ಲು ಸೋಮವಾರದ ತುಂಡು

ಕ್ಲೀನಿಂಗ್‌ಗಿಂತ ಮುಂಚೆ ಇದನ್ನ ಮಾಡ್ರಿ, ಮಷಿನ್ ಚೆನ್ನಾಗಿರೋವಾಗ್ಲೇ ಮಾಡ್ರಿ. ಒಂದೇ ಸ್ಟೇನ್‌ಲೆಸ್ ಸ್ಟೀಲ್ ಶೀಟಿನಾಗೆ ವಿಸಿಟಿಂಗ್ ಕಾರ್ಡ್ ಸೈಜಿನ ಐವತ್ತು ತುಂಡು ಕತ್ತರಿಸಿ ಡಬ್ಬದಾಗೆ ಇಟ್ಕೊಳ್ರಿ. ಸಾಫ್ಟ್‌ವೇರ್‌ನಾಗೆ 10 ಮಿಮೀ ಚೌಕ ಐದು ಬರೆದು ಪವರ್ 20, 30, 40, 50, 60 ಅಂತ ಕೊಟ್ಟು, ಸ್ಪೀಡ್ ಸೆಕೆಂಡಿಗೆ 800 ಮಿಮೀ, ಫ್ರೀಕ್ವೆನ್ಸಿ 30 ಕಿಲೋಹರ್ಟ್ಜ್, ಹ್ಯಾಚ್ (ಗೆರೆ ಗೆರೆ ನಡುವಿನ ಅಂತರ) 0.05 ಮಿಮೀ ಅಂತ ಸೇವ್ ಮಾಡ್ರಿ. ಇದು ನನ್ ಸೆಟ್ಟಿಂಗ್, ನಿಮ್ದು ಬೇರೆ ಇದ್ರೂ ನಡೀತೈತೆ, ಆದ್ರೆ ಒಂದ್ಸಲ ಇಟ್ಟ ಮೇಲೆ ಮುಟ್ಟಬ್ಯಾಡ್ರಿ. ಪ್ರತಿ ಸೋಮವಾರ ಬೆಳಿಗ್ಗೆ ಮೊದಲ ಕೆಲಸ ಒಂದು ತುಂಡು ಹೊಡೆದು ತಾರೀಖು ಬರೆದು ಹಳೇದರ ಪಕ್ಕ ಇಟ್ಟು ನೋಡೋದು. ಹೋದ ತಿಂಗಳು 30ಕ್ಕೆ ಬರ್ತಿದ್ದ ಬಣ್ಣ ಈಗ 40ಕ್ಕೆ ಬರ್ತಿದ್ರೆ ಏನೋ ಸೋರ್ತಾ ಐತೆ ಅಂತ ಗ್ಯಾರಂಟಿ. ಕಣ್ಣಿಗೆ ದಿನಾ ನೋಡಿದ್ದು ಗೊತ್ತಾಗಲ್ಲ, ಮಕ್ಕಳು ಬೆಳೆದಂಗೆ, ತುಂಡು ಪಕ್ಕ ಪಕ್ಕ ಇಟ್ರೆ ಮಾತ್ರ ಗೊತ್ತಾಗೋದು.

ಹಂಗೇ ಲೆನ್ಸ್ ತುದಿಯಿಂದ ಜಾಬ್‌ವರೆಗೆ ಫೋಕಸ್ ಎತ್ತರ ಎಷ್ಟು ಅಂತ ಅಳೆದು ಅಷ್ಟೇ ಉದ್ದದ ಅಕ್ರಿಲಿಕ್ ಪಟ್ಟಿ ಒಂದು ಕತ್ತರಿಸಿ ಮಷಿನ್‌ಗೇ ದಾರ ಕಟ್ಟಿ ನೇತು ಹಾಕ್ರಿ. 110 ಮಿಮೀ ಏರಿಯಾ ಲೆನ್ಸ್ ಇದ್ರೆ ಒಂದು ಎತ್ತರ, 175ರದ್ದು ಇದ್ರೆ ಇನ್ನೊಂದು, ಎರಡಕ್ಕೂ ಬೇರೆ ಬೇರೆ ಪಟ್ಟಿ ಬೇಕು. ಫೋಕಸ್ ಹುಡುಕೋದು ಹೆಂಗೆ ಅಂದ್ರೆ ಬೇಡದ ಸ್ಟೀಲ್ ತುಂಡಿನ ಮೇಲೆ ಸಣ್ಣ ಚೌಕಾನ ಕಂಟಿನ್ಯೂ ಹಾಕಿ, ಲೇಸರ್ ಕನ್ನಡಕ (ಯಾವ್ದು ಅಂತ ಕೆಳಗೆ ಹೇಳ್ತೀನಿ) ಹಾಕ್ಕೊಂಡು, ಲೆನ್ಸ್ ಇರೋ ಹೆಡ್ಡನ್ನ ನಿಧಾನಕ್ಕೆ ಮೇಲೆ ಕೆಳಗೆ ಮಾಡ್ರಿ. ಸರಿಯಾದ ಎತ್ತರಕ್ಕೆ ಬಂದಾಗ ಚಿರ್ ಅಂತ ಸೌಂಡ್ ಚೂಪಾಗುತ್ತೆ, ಕಿಡಿ ಬೆಳ್ಳಗೆ ಹೊಳೆಯುತ್ತೆ. ಕಿವಿಯಿಂದಾನೇ ಹಿಡೀಬಹುದು ಅದನ್ನ. ಒಂದೆರಡು ಮಿಲಿಮೀಟರ್ ಆಚೆ ಈಚೆ ಆದ್ರೂ ಮಾರ್ಕ್ ಮಬ್ಬಾಗುತ್ತೆ, ಎಷ್ಟೋ ಸಲ ಲೆನ್ಸೂ ಸರಿ ಐತೆ ಸೋರ್ಸೂ ಸರಿ ಐತೆ, ಹುಡುಗ ಬೇರೆ ಎತ್ತರದ ಪಾತ್ರೆ ಇಟ್ಟು ಹೆಡ್ ಏರಿಸೋದು ಮರ್ತಿರ್ತಾನೆ ಅಷ್ಟೇ.

ಕಣ್ಣಿನ ವಿಷ್ಯ

ಇದನ್ನ ಮಧ್ಯದಾಗೇ ಹೇಳಿಬಿಡ್ತೀನಿ, ಕೊನೆಗೆ ಇಟ್ರೆ ಯಾರೂ ಓದಲ್ಲ. ಕೆಂಪಗೆ ಕಾಣೋದು ಬರೀ ದಾರಿ ತೋರ್ಸೋ ಲೈಟು. ನಿಜವಾದ ಲೇಸರ್ 1064 ನ್ಯಾನೊಮೀಟರ್‌ದು, ಕಣ್ಣಿಗೆ ಕಾಣೋದೇ ಇಲ್ಲ, ಕಾಣದೇ ಇರೋದ್ರಿಂದಾನೇ ರೆಪ್ಪೆ ಮುಚ್ಚಲ್ಲ, ಒಳಗೆ ಹೋಗಿ ರೆಟಿನಾ ಸುಡುತ್ತೆ. ಇದು ಕ್ಲಾಸ್ 4 ಲೇಸರ್. ಸ್ಟೀಲ್ ಚೊಂಬು ಗುಂಡಗಿರುತ್ತೆ, ಹೊಳಪಿರುತ್ತೆ, ಎತ್ತ ಕಡೆ ತಿರುಗಿಸಿ ಹೊಡೆಯುತ್ತೋ ಹೇಳಕ್ಕಾಗಲ್ಲ. 1064 ಅಂತ ನಂಬರ್ ಬರೆದಿರೋ ಕನ್ನಡಕಾನೇ ಬೇಕು, ವೆಲ್ಡಿಂಗ್ ಗಾಜು, ಕೂಲಿಂಗ್ ಗ್ಲಾಸು ನಡೆಯಲ್ಲ. ಸಿಓ2ಗೆ ಅದು ಬೇರೆ, ಅಲ್ಲಿ 10.6 ಮೈಕ್ರಾನ್, ಅದರ ಕನ್ನಡಕ ತಂದು ಇಲ್ಲಿ ಹಾಕ್ಕೊಂಡ್ರೆ ಹಾಕದಂಗೇ. ಇನ್ನು ಲೆನ್ಸ್ ನೋಡ್ಬೇಕಾದ್ರೆ ಮೇನ್ ಸ್ವಿಚ್ ಆಫ್ ಮಾಡಿ ಕೀ ತೆಗೆದು ಜೇಬಿಗೆ ಹಾಕ್ಕೊಂಡೇ ಕೆಳಗಿಂದ ಬಗ್ಗಿ ನೋಡ್ರಿ. ಎಮರ್ಜೆನ್ಸಿ ಬಟನ್ ಒತ್ತಿದೀನಿ ಸಾಕು ಅನ್ನಬ್ಯಾಡ್ರಿ, ಫುಟ್ ಸ್ವಿಚ್ ಮೇಲೆ ಯಾರ ಕಾಲು ಬೀಳುತ್ತೋ.

ಲೆನ್ಸ್ ಒರೆಸೋದು, ಇದೇ ಮುಖ್ಯ

ವಾರಕ್ಕೊಂದ್ಸಲ ನೋಡ್ರಿ, ಕೊಳೆ ಇದ್ರೆ ಮಾತ್ರ ಒರೆಸ್ರಿ. ಇದನ್ನ ಯಾಕೆ ಒತ್ತಿ ಹೇಳ್ತೀನಿ ಅಂದ್ರೆ ಕೆಲವ್ರು ದೇವರ ದೀಪ ಉಜ್ಜಿದಂಗೆ ದಿನಾ ಉಜ್ತಾರೆ. ಲೆನ್ಸ್ ಮೇಲಿನ ಕೋಟಿಂಗ್ ಅನ್ನೋದು ಕಣ್ಣಿಗೆ ಕಾಣದಷ್ಟು ತೆಳು, ಒರೆಸಿದಷ್ಟೂ ಗೀರು ಬೀಳೋ ಚಾನ್ಸ್ ಜಾಸ್ತಿ. ನೋಡೋ ರೀತಿ ಹೇಳ್ತೀನಿ: ಕರೆಂಟ್ ತೆಗೆದು ಮೊಬೈಲ್ ಟಾರ್ಚನ್ನ ನೇರ ಹಾಕ್ದೆ ಓರೆಯಾಗಿ ಹಾಕ್ರಿ, ಲೆನ್ಸಿನ ಬಣ್ಣದ ಹೊಳಪಿನ ಮೇಲೆ ಧೂಳು, ಬೆರಳಚ್ಚು, ಹೊಗೆ ಪದರ ಎಲ್ಲ ಎದ್ದು ಕಾಣುತ್ತೆ.

ಬೇಕಾಗೋ ಸಾಮಾನು ನಾಲ್ಕೇ. ಕ್ಯಾಮೆರಾ ಅಂಗಡಿಯಾಗೆ ಸಿಗೋ ರಬ್ಬರ್ ಬ್ಲೋವರ್, ಲೆನ್ಸ್ ಟಿಶ್ಯೂ, ಪೌಡರ್ ಇಲ್ಲದ ಕೈಗವಸು, 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್. ಕೋವಿಡ್ ಟೈಮಿಂದ ಮನೆಯಾಗೆ ಉಳಿದಿರೋ ಸ್ಯಾನಿಟೈಸರ್ ಹಾಕಬ್ಯಾಡ್ರಿ, ಕೈ ಒಣಗಬಾರ್ದು ಅಂತ ಅದರಾಗೆ ಗ್ಲಿಸರಿನ್ ಹಾಕಿರ್ತಾರೆ, ಲೆನ್ಸ್ ಮೇಲೆ ಜಿಡ್ಡಿನ ಪದರ ಕೂರುತ್ತೆ. ಹೋಟೆಲ್ ಟಿಶ್ಯೂ, ಲುಂಗಿ ತುದಿ, ಗ್ಯಾರೇಜಿನ ಬನಿಯನ್ ವೇಸ್ಟು ಇವೆಲ್ಲ ಲೆನ್ಸಿಗೆ ಸ್ಯಾಂಡ್ ಪೇಪರ್ ಇದ್ದಂಗೆ.

ಮಷಿನ್ ಆಫ್ ಮಾಡಿ ಕಾಲು ಗಂಟೆ ಬಿಡ್ರಿ, ಬಿಸಿ ಲೆನ್ಸಿಗೆ ತಣ್ಣನೆ ಆಲ್ಕೋಹಾಲ್ ಬಿಟ್ರೆ ಒಳ್ಳೇದಲ್ಲ. ಮೇಲಿನ ಫ್ಯಾನ್ ಆಫ್ ಮಾಡ್ರಿ, ಇದನ್ನ ಎಲ್ರೂ ಮರೀತಾರೆ, ಇಲ್ಲಿ ನೀವು ಒರೆಸ್ತಿರ್ತೀರಿ ಅಲ್ಲಿ ಫ್ಯಾನು ಧೂಳು ಸುರೀತಿರುತ್ತೆ. ಕೈ ತೊಳೆದು ಗವಸು ಹಾಕ್ಕೊಂಡು ಮೊದ್ಲು ಬರೀ ಬ್ಲೋವರ್‌ನಾಗೆ ಗಾಳಿ ಹಾಕ್ರಿ, ಹತ್ತು ಹದಿನೈದು ಸಲ. ಅರ್ಧಕ್ಕರ್ಧ ಸಲ ಅಲ್ಲಿಗೇ ಕೆಲಸ ಮುಗೀತೈತೆ. ಬಾಯಿಂದ ಉಫ್ ಅನ್ನಬ್ಯಾಡ್ರಿ, ಎಂಜಲು ಹಾರುತ್ತೆ, ಅಡಿಕೆ ಹಾಕೋರಾದ್ರೆ ಕೇಳೋದೇ ಬ್ಯಾಡ. ಕಂಪ್ರೆಸರ್ ಗಾಳೀನೂ ಬ್ಯಾಡ, ಅದರ ಪೈಪಿನಾಗೆ ನೀರೂ ಎಣ್ಣೇನೂ ಬರುತ್ತೆ.

ಆಮೇಲೂ ಕಲೆ ಇದ್ರೆ ಟಿಶ್ಯೂನ ಬೆರಳು ಮುಟ್ಟದ ಜಾಗ ಹೊರಗೆ ಬರೋಹಂಗೆ ಮಡಚಿ ಎರಡು ಮೂರು ಹನಿ ಹಾಕ್ರಿ. ಹನಿ ಟಿಶ್ಯೂ ಮೇಲೆ, ಲೆನ್ಸ್ ಮೇಲೆ ಅಲ್ಲ, ಲೆನ್ಸಿಗೆ ಸುರಿದ್ರೆ ಅಂಚಿನಿಂದ ಒಳಗೆ ಇಳಿಯುತ್ತೆ. ಮಧ್ಯದಿಂದ ಶುರು ಮಾಡಿ ಸುತ್ತು ಸುತ್ತಾಗಿ ಹೊರಗೆ ಬರ್ರಿ, ಒತ್ತಬ್ಯಾಡ್ರಿ, ಟಿಶ್ಯೂ ತನ್ನ ಭಾರಕ್ಕೆ ತಾನು ಜಾರಿದ್ರೆ ಸಾಕು. ಒಂದು ಸುತ್ತಿಗೆ ಒಂದು ಟಿಶ್ಯೂ, ಅದನ್ನ ತಿರುಗಿಸಿ ಮತ್ತೆ ಒರೆಸಿದ್ರೆ ಹೊರಗೆ ತೆಗೆದ ಕೊಳೇನ ವಾಪಸ್ ಹಚ್ಚಿದಂಗೆ. ಮೂರ್ನಾಲ್ಕು ಟಿಶ್ಯೂ ಹಾಳಾಗ್ಲಿ ಬಿಡ್ರಿ. ಪೂರ್ತಿ ಆರಿದ ಮೇಲೇ ಲೇಸರ್ ಹಾಕೋದು, ಆಲ್ಕೋಹಾಲ್ ಬೆಂಕಿ ಹತ್ತೋ ಸಾಮಾನು, ಬಾಟ್ಲಿನೂ ಮಷಿನ್ ಪಕ್ಕ ಬ್ಯಾಡ.

ಇಷ್ಟಾದ್ರೂ ಹೋಗದ ಬಿಳಿ ಚುಕ್ಕಿ ಇದ್ರೆ ಅದು ಕೊಳೆ ಅಲ್ಲ, ಸುಟ್ಟ ಕೋಟಿಂಗ್. ಉಜ್ಜಿದ್ರೆ ಹೋಗಲ್ಲ, ಅದರ ಮೇಲೇ ಲೇಸರ್ ಹಾಯಿಸ್ತಾ ಹೋದ್ರೆ ಬಿಸಿ ಹೀರಿ ಹೀರಿ ಒಂದಿನ ಲೆನ್ಸ್ ಬಿರುಕು ಬಿಡುತ್ತೆ. ಕೆಲವು ಲೆನ್ಸಿಗೆ ಕೆಳಗೆ ಬೇರೆ ರಕ್ಷಣೆ ಗಾಜು ಇರುತ್ತೆ, ಅದೃಷ್ಟ ಇದ್ರೆ ಸುಟ್ಟಿರೋದು ಅದೇ ಆಗಿರುತ್ತೆ, ಬರೀ ಅದನ್ನ ಬದಲಾಯಿಸಿದ್ರೆ ಆಯ್ತು.

ಲೆನ್ಸನ್ನ ಬಿಚ್ಚಿ ಮೇಲಿನ ಮುಖಾನೂ ಒರೆಸ್ತೀನಿ ಅಂತ ಹೋಗಬ್ಯಾಡ್ರಿ. ಬಿಚ್ಚಿದ್ರೆ ಮೇಲೆ ಲೇಸರನ್ನ ಅತ್ತಿತ್ತ ತಿರುಗಿಸೋ ಗ್ಯಾಲ್ವೊ ಕನ್ನಡಿ ಎರಡು ತೆರೆದುಕೊಳ್ತಾವೆ, ಅವು ಸೆಕೆಂಡಿಗೆ ನೂರಾರು ಸಲ ಅಲ್ಲಾಡೋ ತೆಳು ಕನ್ನಡಿ, ಬೆರಳು ತಾಗಿದ್ರೆ ಕಥೆ ಮುಗೀತು. ಲೆನ್ಸ್ ಬದಲಾಯಿಸಲೇಬೇಕು ಅಂದಾಗ ಬಿಚ್ಚಿದ ತಕ್ಷಣ ತೂತಿಗೆ ಕ್ಲೀನ್ ಮುಚ್ಚಳ ಹಾಕ್ರಿ, ತಿರುಪು ಕೂಡಿಸೋವಾಗ ಮೊದ್ಲು ಹಿಂದಕ್ಕೆ ಅರ್ಧ ಸುತ್ತು ತಿರುಗಿಸಿ ಮರೆ (ಥ್ರೆಡ್) ಕೂತಿದ್ದು ಗೊತ್ತಾದ ಮೇಲೆ ಮುಂದಕ್ಕೆ ತಿರುಗಿಸ್ರಿ, ಹಠದ ಮೇಲೆ ಬಿಗಿಸಿದ್ರೆ ಮರೆ ಹಾಳಾಗಿ ಲೆನ್ಸ್ ಸೊಟ್ಟ ಕೂರುತ್ತೆ. ಲೆನ್ಸಿನ ಒಳಗಿನ ಗಾಜುಗಳನ್ನಂತೂ ಬಿಚ್ಚಲೇಬ್ಯಾಡ್ರಿ, ಹಲವು ಗಾಜು ಲೆಕ್ಕ ಹಾಕಿ ಕೂಡಿಸಿರ್ತಾರೆ.

ರಾತ್ರಿ ಮನೆಗೆ ಹೋಗೋವಾಗ ಕ್ಯಾಪ್ ಹಾಕ್ರಿ. ಬೆಳಿಗ್ಗೆ ತೆಗೀರಿ. ಈ ಎರಡನೇದನ್ನ ಯಾಕೆ ಹೇಳಿದೆ ಅಂದ್ರೆ ನಮ್ ಹುಡುಗ ಒಂದಿನ ಕ್ಯಾಪ್ ತೆಗೀದೆ ಪೆಡಲ್ ಒತ್ತಿದ. "ಅಣ್ಣ, ಮಾರ್ಕೇ ಬರ್ತಿಲ್ಲ, ಪ್ಲಾಸ್ಟಿಕ್ ವಾಸನೆ ಬರ್ತೈತೆ" ಅಂದ. ಕ್ಯಾಪ್ ಕರಗಿ ಅದರ ಹೊಗೆ ಪೂರ್ತಿ ಲೆನ್ಸಿಗೆ ಮೆತ್ಕೊಂಡಿತ್ತು. ಅವತ್ತಿಂದ ಕ್ಯಾಪಿಗೆ ಕೆಂಪು ರಿಬ್ಬನ್ ಕಟ್ಟಿದೀವಿ, ನೇತಾಡ್ತಿದ್ರೆ ಕಣ್ಣಿಗೆ ಬೀಳುತ್ತೆ.

ಧೂಳು ಮತ್ತೆ ಸೆಕೆ

ಫೈಬರ್ ಮಷಿನ್ 20, 30, 50 ವ್ಯಾಟಿನವು ಎಲ್ಲ ಗಾಳಿಯಿಂದ ತಣ್ಣಗಾಗೋವು, ಹಿಂದೆ ಫ್ಯಾನ್ ಇರ್ತಾವೆ. ಬಹಳಷ್ಟು ಸೋರ್ಸಿಗೆ ಮಿತಿ 40 ಡಿಗ್ರಿ. ಏಪ್ರಿಲ್ ಮೇ ತಿಂಗಳು ಶೀಟಿನ ಛಾವಣಿ ಕೆಳಗೆ ದಾವಣಗೆರೆ ಆಗ್ಲಿ ಚಿತ್ರದುರ್ಗ ಆಗ್ಲಿ ಮಧ್ಯಾಹ್ನ ಎಷ್ಟಿರುತ್ತೆ ಅಂತ ನಾನು ಹೇಳ್ಬೇಕಾಗಿಲ್ಲ. ಹಿಂದಿನ ಗೋಡೆಗೂ ಮಷಿನ್‌ಗೂ ಒಂದು ಗೇಣು ಜಾಗ ಬಿಡ್ರಿ, ಬಿಸಿ ಗಾಳಿ ಹೊರಗೆ ಹೋಗೋಕೆ. ದೊಡ್ಡ ಆರ್ಡರ್ ಇದ್ರೆ ನಾನು ಬೇಸಿಗೆಯಾಗೆ ಬೆಳಿಗ್ಗೆ 7ಕ್ಕೇ ಶುರು ಮಾಡಿ 12ಕ್ಕೆ ನಿಲ್ಲಿಸ್ತೀನಿ, ಮತ್ತೆ ಸಂಜೆ.

ಧೂಳು ಊರಿಂದ ಊರಿಗೆ ಬೇರೆ. ದುರ್ಗದ ಗಾಳಿ ಗೊತ್ತಲ್ಲ, ಗುಡ್ಡದ ಮೇಲೆ ಗಾಳಿ ಫ್ಯಾನ್ ಸಾಲಾಗಿ ನಿಲ್ಸಿರೋದು ಸುಮ್ನೆ ಅಲ್ಲ, ಆಷಾಢದಾಗೆ ಬಾಗಿಲು ತೆಗೆದ್ರೆ ಕೆಂಪು ಮಣ್ಣು ಟೇಬಲ್ ಮೇಲೆ ಬಂದು ಕೂರುತ್ತೆ, ಆದ್ರೆ ಅದು ಒಣ ಧೂಳು, ಬ್ರಶ್ ಆಡಿಸಿದ್ರೆ ಹೋಗುತ್ತೆ. ನಮ್ ಕಡೆ ಮಂಡಕ್ಕಿ ಭಟ್ಟಿ ಹತ್ರ ಇರೋ ಅಂಗಡಿಗಳದ್ದು ಬೇರೆ ಗೋಳು, ಅಲ್ಲಿ ಬರೋದು ಮಸಿ, ಜಿಡ್ಡು ಜಿಡ್ಡಾಗಿ ಫ್ಯಾನ್ ರೆಕ್ಕೆಗೆ ಅಂಟಿ ಕೂರುತ್ತೆ. ಅಂಥ ಜಾಗದಾಗೆ ತಿಂಗಳಿಗೊಮ್ಮೆ ಅಲ್ಲ, ವಾರಕ್ಕೊಮ್ಮೆ ಫ್ಯಾನಿನ ಫಿಲ್ಟರ್ ತೆಗೆದು ಸೋಪಿನ ನೀರಿನಾಗೆ ತೊಳೆದು ಪೂರ್ತಿ ಒಣಗಿಸಿ ಹಾಕ್ರಿ.

ಫ್ಯಾನ್ ಕ್ಲೀನ್ ಮಾಡೋವಾಗ ಒಂದು ಕಡ್ಡಿಯಿಂದ ರೆಕ್ಕೆ ಹಿಡ್ಕೊಂಡು ಗಾಳಿ ಹೊಡೀರಿ. ಗಾಳಿ ರಭಸಕ್ಕೆ ರೆಕ್ಕೆ ಸುಮ್ನೆ ತಿರುಗೋಕೆ ಬಿಟ್ರೆ ಬೇರಿಂಗ್ ಹೋಗುತ್ತೆ, ಮೋಟರ್ ಉಲ್ಟಾ ಕರೆಂಟ್ ಹುಟ್ಟಿಸಿ ಬೋರ್ಡಿಗೂ ಕಳಿಸಬಹುದು. ಮಷಿನ್ ಓಡ್ತಿರೋವಾಗ ಫ್ಯಾನ್ ಕಿರುಗುಟ್ಟೋಕೆ ಶುರು ಮಾಡಿದ್ರೆ ಸಾಯೋ ತನಕ ಕಾಯಬ್ಯಾಡ್ರಿ, ಅದರ ಅಳತೆ ವೋಲ್ಟೇಜ್ ನೋಡಿ ಒಂದು ಎಕ್ಸ್‌ಟ್ರಾ ತಂದಿಡ್ರಿ.

ಮಳೆಗಾಲದ ತೊಂದ್ರೆ ಇದರ ಉಲ್ಟಾ. ಎಸಿ ರೂಮಿನಾಗೆ ಇಟ್ಟೋರು ರಾತ್ರಿ ಎಸಿ ಆಫ್ ಮಾಡಿ ಕಿಟಕಿ ತೆಗೆದ್ರೆ ತಣ್ಣಗಿರೋ ಲೆನ್ಸ್ ಮೇಲೆ ತೇವ ಕೂರುತ್ತೆ, ಫ್ರಿಜ್ಜಿಂದ ತೆಗೆದ ಬಾಟ್ಲಿ ಬೆವರ್ತದಲ್ಲ ಹಂಗೆ. ಅಂಥ ದಿನ ಮಷಿನ್ ರೂಮಿನ ಹವಾಕ್ಕೆ ಹೊಂದ್ಕೊಳ್ಳೋ ತನಕ ಆನ್ ಮಾಡಬ್ಯಾಡ್ರಿ.

ಕರೆಂಟ್ ಮತ್ತೆ ಅರ್ಥಿಂಗ್

ನಮ್ಮೆರಡೂ ಜಿಲ್ಲೆಗೆ ಬೆಸ್ಕಾಂ ಕರೆಂಟೇ ಬರೋದು, ಸಿಟಿ ಒಳಗೆ ಪರವಾಗಿಲ್ಲ, ಹೊರಗೆ ಪಂಪ್‌ಸೆಟ್ ಲೈನ್ ಹತ್ರ ಇರೋರು ವೋಲ್ಟೇಜ್ ಏರಿಳಿತ ನೋಡಿರ್ತೀರಿ. ಆನ್‌ಲೈನ್ ಯುಪಿಎಸ್ ಇದ್ರೆ ಒಳ್ಳೇದು, ಆಗಲ್ಲ ಅಂದ್ರೆ ಸರ್ವೊ ಸ್ಟೆಬಿಲೈಜರ್ ಆದ್ರೂ ಹಾಕ್ರಿ. ಮನೆ ಇನ್ವರ್ಟರ್‌ನಾಗೆ, ಅದೂ ಸ್ಕ್ವೇರ್ ವೇವ್‌ದಾಗೆ, ಓಡಿಸಬ್ಯಾಡ್ರಿ. ಕರೆಂಟ್ ಹೋಗಿ ತಕ್ಷಣ ಬಂದ್ರೂ ಸ್ವಿಚ್ ಆಫ್ ಮಾಡಿ ಐದು ನಿಮಿಷ ಬಿಟ್ಟು ಆನ್ ಮಾಡೋದು ನಮ್ ಅಂಗಡಿ ರೂಲ್, ಮೊದ್ಲು ಬಂದ ಕರೆಂಟ್ ಒಂದೇ ಹದಕ್ಕೆ ನಿಲ್ಲಲ್ಲ.

ಅರ್ಥಿಂಗ್ ಬಗ್ಗೆ ಯಾರೂ ತಲೆ ಕೆಡಿಸ್ಕೊಳಲ್ಲ. ದುರ್ಗದಾಗೆ ನನ್ ಪರಿಚಯದ ಒಂದು ಅಂಗಡಿಯಾಗೆ ಬೇಸಿಗೆಯಾಗೆ ಮಾತ್ರ ಒಂದು ಕಾಟ, ಮಾರ್ಕಿಂಗ್ ಮಧ್ಯ ಗೆರೆ ಪಕ್ಕಕ್ಕೆ ಹಾರೋದು, ಕಂಪ್ಯೂಟರ್ ಪದೇ ಪದೇ ಡಾಂಗಲ್ (ಸಾಫ್ಟ್‌ವೇರ್ ಲೈಸೆನ್ಸ್ ಕೀ) ಸಿಗ್ತಿಲ್ಲ ಡೆಮೊ ಮೋಡ್ ಅನ್ನೋದು. ಕೇಬಲ್ ಬದಲಾಯಿಸಿದ್ರು, ವಿಂಡೋಸ್ ಹೊಸದಾಗಿ ಹಾಕ್ಸಿದ್ರು, ಗ್ಯಾಲ್ವೊ ಹೋಗಿದೆ ಅಂತ ಯಾರೋ ಹೇಳಿ ಆರ್ಡರ್ ಕೊಡೋಕೂ ಹೊರಟಿದ್ರು. ಕೊನೆಗೆ ಎಲೆಕ್ಟ್ರಿಷಿಯನ್ ಬಂದು ನ್ಯೂಟ್ರಲ್‌ಗೂ ಅರ್ಥಿಗೂ ಮಧ್ಯೆ ಮೀಟರ್ ಇಟ್ರೆ 14 ವೋಲ್ಟ್! ಇರ್ಬೇಕಾದ್ದು ಒಂದೆರಡು ವೋಲ್ಟ್. ಅರ್ಥ್ ಗುಂಡಿ ಒಣಗಿ ಬಿರುಕು ಬಿಟ್ಟಿತ್ತು, ನಾಲ್ಕು ಕೊಡ ನೀರು ಸುರಿದು ಉಪ್ಪು ಇದ್ದಿಲು ಹಾಕಿ ಕ್ಲಾಂಪ್ ತುಕ್ಕು ಉಜ್ಜಿ ಬಿಗಿ ಮಾಡಿದ್ರು, ಕಾಟ ನಿಂತ್ಹೋಯ್ತು. ಈಗ ಅವರು ಬೇಸಿಗೆಯಾಗೆ ತುಳಸಿ ಗಿಡಕ್ಕೆ ಹಾಕಿದಂಗೆ ಅರ್ಥ್ ಗುಂಡಿಗೂ ನೀರು ಹಾಕ್ತಾರೆ. ಪಕ್ಕದಾಗೆ ವೆಲ್ಡಿಂಗ್ ಶಾಪ್ ಇದ್ರೆ ಅವರ ಅರ್ಥಿಗೆ ನಿಮ್ಮದನ್ನ ಸೇರಿಸಬ್ಯಾಡ್ರಿ, ಬೇರೆ ಗುಂಡಿ ತೆಗೆಸ್ರಿ.

ಕೇಬಲ್ ವಿಷ್ಯ: ಸೋರ್ಸಿಂದ ಹೆಡ್‌ಗೆ ಹೋಗೋ ದಪ್ಪ ಪೈಪಿನಂಥ ಕೇಬಲ್ ಐತಲ್ಲ, ಅದರೊಳಗೆ ಇರೋದು ಗಾಜಿನ ಎಳೆ. ನಮ್ ಲೆಕ್ಕ ಏನಂದ್ರೆ ಊಟದ ತಟ್ಟೆಗಿಂತ ಸಣ್ಣ ಸುತ್ತು ಎಲ್ಲೂ ಬರಬಾರ್ದು. ಟ್ಯಾಗ್ ಹಾಕಿ ಎಳೆದು ಬಿಗಿಯೋದು, ಅದರ ಮೇಲೆ ಪಾತ್ರೆ ಬಾಕ್ಸ್ ಇಡೋದು ಮಾಡಬ್ಯಾಡ್ರಿ. ಇನ್ನು ಇಲಿ. ಅಕ್ಕಿ ಗೋಡೌನ್ ಪಕ್ಕ ಇರೋರಿಗೆ ಗೊತ್ತು, ಯುಎಸ್‌ಬಿ ಕೇಬಲ್ ಕಡಿದ್ರೆ ನೂರು ರೂಪಾಯಿಯಾಗೆ ಹೋಗುತ್ತೆ, ಫೈಬರ್ ಕಡಿದ್ರೆ ಸೋರ್ಸನ್ನೇ ಕಂಪನಿಗೆ ಕಳಿಸ್ಬೇಕು. ರಾತ್ರಿ ಅಂಗಡಿಯಾಗೆ ಮಿರ್ಚಿ ಮಂಡಕ್ಕಿ ತಿಂದ ಪೊಟ್ಟಣ ಬಿಟ್ಟು ಹೋಗಬ್ಯಾಡ್ರಿ, ಇಷ್ಟೇ.

ಹೊಗೆ ಎಳೆಯೋ ಮಷಿನ್

ಲೆನ್ಸ್ ಕೊಳೆ ಆಗೋದೇ ಹೊಗೆಯಿಂದ, ಹಂಗಾಗಿ ಎಕ್ಸ್‌ಟ್ರಾಕ್ಟರ್ ಸರಿ ಇದ್ರೆ ಲೆನ್ಸ್ ಕೆಲಸ ಅರ್ಧ ಕಮ್ಮಿ. ಪೈಪಿನ ಬಾಯಿ ಜಾಬ್‌ಗೆ ಹತ್ರ, ನಾಲ್ಕೈದು ಬೆರಳು ದೂರದಾಗೆ ಪಕ್ಕಕ್ಕೆ ಇರ್ಲಿ, ಮೇಲ್ಗಡೆ ಬ್ಯಾಡ, ಮೇಲಿಟ್ರೆ ಹೊಗೇನ ಲೆನ್ಸಿಗೆ ಕರ್ಕೊಂಡು ಹೋಗುತ್ತೆ. ಒಂದು ಊದಿನಕಡ್ಡಿ ಹಚ್ಚಿ ಪೈಪಿನ ಹತ್ರ ಹಿಡೀರಿ, ಹೊಗೆ ನೇರ ಒಳಗೆ ಹೋದ್ರೆ ಸರಿ, ತೇಲಾಡಿದ್ರೆ ಫಿಲ್ಟರ್ ಕಟ್ಟಿದೆ. ಪ್ಲಾಸ್ಟಿಕ್ ಮಾಡಿದ ಪುಡಿ ಮತ್ತೆ ಲೋಹದ ಪುಡಿ ಒಂದೇ ಫಿಲ್ಟರ್‌ನಾಗೆ ತುಂಬ್ಕೊಂಡು ಕಿಡಿ ಒಳಗೆ ಹೋದ್ರೆ ಬೆಂಕಿ ಹತ್ತಬಹುದು, ತುಂಬೋ ತನಕ ಕಾಯದೆ ತೆಗೀರಿ, ಮಾಸ್ಕ್ ಹಾಕ್ಕೊಂಡು.

ಪಿವಿಸಿ ಮಾತ್ರ ಯಾವ ಲೇಸರ್‌ಗೂ ಇಡಬ್ಯಾಡ್ರಿ. ಗಿರಾಕಿ "ಪ್ಲಾಸ್ಟಿಕ್ಕೇ ಅಲ್ವಾ, ಒಂದೇ ಪೀಸು" ಅಂತಾರೆ. ಸುಟ್ರೆ ಹೈಡ್ರೋಕ್ಲೋರಿಕ್ ಆಸಿಡ್ಡಿನ ಹೊಗೆ ಬರುತ್ತೆ, ನಿಮ್ ಶ್ವಾಸಕ್ಕೂ ಕೆಟ್ಟದ್ದು, ಮಷಿನ್ ಒಳಗಿನ ಸ್ಕ್ರೂ ರೈಲು ಎಲ್ಲ ತುಕ್ಕು ಹಿಡಿಯುತ್ತೆ.

ಹಿತ್ತಾಳೆ, ತಾಮ್ರ, ಬೆಳ್ಳಿ

ತಾಮ್ರದ ಚೊಂಬು, ಬೆಳ್ಳಿ ದೀಪ, ಹಿತ್ತಾಳೆ ಪ್ಲೇಟು ಕನ್ನಡಿ ಥರ, ಲೇಸರ್ ಬಂದ ದಾರಿಯಾಗೇ ವಾಪಸ್ ಕಳಿಸ್ತಾವೆ. ಸಮತಟ್ಟಾದ ಹೊಳಪು ಪ್ಲೇಟನ್ನ ಲೆನ್ಸಿನ ಸರೀ ಕೆಳಗೆ ಇಟ್ರೆ ಈ ಅಪಾಯ ಜಾಸ್ತಿ. ಸೋರ್ಸ್ ಒಳಗೆ ಇದನ್ನ ತಡೆಯೋ ಐಸೊಲೇಟರ್ ಇರುತ್ತೆ ನಿಜ, ಆದ್ರೂ ಪರೀಕ್ಷೆ ಮಾಡೋಕೆ ಹೋಗಬ್ಯಾಡ್ರಿ, ಜಾಬನ್ನ ಸೆಂಟರಿಂದ ಒಂದೆರಡು ಸೆಂಟಿಮೀಟರ್ ಪಕ್ಕಕ್ಕೆ ಸರಿಸ್ರಿ, ಇಲ್ಲಾ ಒಂದು ಕಡೆ ತೆಳು ಪಟ್ಟಿ ಕೊಟ್ಟು ಸ್ವಲ್ಪ ಓರೆ ಮಾಡ್ರಿ. ಸೋರ್ಸ್ ನಿಜವಾಗ್ಲೂ ಸಾಯೋ ಕೆಲವೇ ದಾರಿಗಳಲ್ಲಿ ಇದೊಂದು.

ಸಿಓ2 ಇಟ್ಕೊಂಡೋರಿಗೆ

ಗಾಜಿನ ಟ್ಯೂಬ್‌ದಾದ್ರೆ ನೀರೇ ಪ್ರಾಣ. ಬೋರ್ ನೀರು ಬ್ಯಾಡ, ನಮ್ ಕಡೆ ಬೋರ್ ನೀರು ಸ್ಟವ್ ಮೇಲೆ ಕುದಿಸಿದ್ರೆ ಪಾತ್ರೆ ತಳಕ್ಕೆ ಬಿಳಿ ಪದರ ಕೂರುತ್ತಲ್ಲ, ಟ್ಯೂಬ್ ಒಳಗೂ ಅದೇ ಕೂರೋದು. ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಹಾಕಿ, ಒಂದು ತಿಂಗಳಿಂದ ಮೂರು ತಿಂಗಳೊಳಗೆ ಬದಲಾಯಿಸ್ರಿ, ಪಾಚಿ ಹಸಿರು ಕಂಡ್ರೆ ಅವತ್ತೇ. ನೀರಿನ ಬಿಸಿ 20ರಿಂದ 25 ಡಿಗ್ರಿ ಒಳಗೆ ಇರ್ಲಿ, ಬಕೆಟ್‌ನಾಗೆ ಮೋಟರ್ ಬಿಟ್ಟು ಮೇ ತಿಂಗಳು ಓಡಿಸ್ತೀನಿ ಅಂದ್ರೆ ಟ್ಯೂಬ್ ಬಾಳಲ್ಲ. ಲೇಸರ್ ಹಾಕೋ ಮುಂಚೆ ಟ್ಯೂಬ್‌ನಾಗೆ ಗುಳ್ಳೆ ನಿಂತಿದ್ಯಾ ನೋಡ್ರಿ, ಗುಳ್ಳೆ ನಿಂತ ಜಾಗ ತಣ್ಣಗಾಗದೆ ಬಿರುಕು ಬಿಡುತ್ತೆ. ತಿಂಗಳಿಗೊಮ್ಮೆ ಪೈಪ್ ಮಡಚಿ ನೀರು ನಿಲ್ಸಿ ಅಲಾರಂ ಹೊಡ್ಯುತ್ತಾ ಪರೀಕ್ಷೆ ಮಾಡ್ರಿ, ಲೇಸರ್ ಆಫ್ ಇಟ್ಕೊಂಡು. ಇದರ ಹಳದಿ ಲೆನ್ಸ್ ಜಿಂಕ್ ಸೆಲೆನೈಡ್‌ದು, ಫೈಬರ್ ಲೆನ್ಸಿಗಿಂತ ಮೆತ್ತಗೆ, ಇನ್ನೂ ಹಗುರ ಕೈ ಬೇಕು. ಒಡೆದ್ರೆ ಚೂರು ವಿಷ, ಬರಿ ಕೈಯಾಗೆ ಆರಿಸಬ್ಯಾಡ್ರಿ.

ಕಂಪ್ಯೂಟರ್

ಮಾರ್ಕಿಂಗ್ ಸಾಫ್ಟ್‌ವೇರ್ ಈಝಿಕ್ಯಾಡ್‌ದು ಫೋಲ್ಡರ್ ಪೂರ್ತಿ, ಸೆಟ್ಟಿಂಗ್ ಫೈಲು, ಲೆನ್ಸ್ ಕರೆಕ್ಷನ್ ಫೈಲು ಸಮೇತ ಎರಡು ಪೆನ್‌ಡ್ರೈವ್‌ಗೆ ಹಾಕಿ ಒಂದು ಮನೆಯಾಗೆ ಇಡ್ರಿ. ಆ ಕರೆಕ್ಷನ್ ಫೈಲು ನಿಮ್ ಮಷಿನ್‌ಗೇ ಹೊಲಿಸಿದ ಬಟ್ಟೆ, ಇನ್ನೊಬ್ರದ್ದು ಹಾಕಿದ್ರೆ ಚೌಕ ದಿಂಬಿನಂಗೆ ಉಬ್ಬುತ್ತೆ. ತಿಂಗಳಿಗೊಂದ್ಸಲ 80 ಮಿಮೀ ಚೌಕ ಹೊಡೆದು ವರ್ನಿಯರ್ ಇಟ್ಟು ನಾಲ್ಕೂ ಕಡೆ, ಮೂಲೆಯಿಂದ ಮೂಲೆ ಅಳೀರಿ. ಎರಡು ಮೂಲೆ ಅಳತೆ ಬೇರೆ ಬಂದ್ರೆ ಫಸ್ಟ್ ಹೆಡ್ ಬೋಲ್ಟ್, ಟೇಬಲ್ ಲೆವೆಲ್, ಹಿಂದಿನ ಕನೆಕ್ಟರ್ ಬಿಗಿ ಐತಾ ನೋಡಿ, ಗ್ಯಾಲ್ವೊ ಮೇಲೆ ಕೊನೆಗೆ ಬರ್ರಿ. ಮದುವೆ ಡಿಸೈನ್ ಅಂತ ಗಿರಾಕಿ ತರೋ ಪೆನ್‌ಡ್ರೈವನ್ನ ಈ ಕಂಪ್ಯೂಟರ್‌ಗೆ ಚುಚ್ಚಬ್ಯಾಡ್ರಿ, ವಾಟ್ಸಾಪ್‌ನಾಗೆ ತರಿಸ್ಕೊಂಡು ಬೇರೆ ಸಿಸ್ಟಮ್‌ನಾಗೆ ತೆಗೆದು ಕೊಡ್ರಿ.

ಹೆಡ್ ಏರಿಸೋ ಕಂಬದ ಸ್ಕ್ರೂಗೆ ಮೂರು ತಿಂಗಳಿಗೊಮ್ಮೆ ಹಳೇ ಗ್ರೀಸ್ ಒರೆಸಿ ಹೊಸದು ತೆಳುವಾಗಿ ಹಚ್ರಿ, ಪಾತ್ರೆ ಹಿಡಿದು ತಿರುಗಿಸೋ ರೋಟರಿ ಚಕ್‌ಗೂ ಅಷ್ಟೇ. ಆ ಕೈಯಾಗೆ ಲೆನ್ಸ್ ಹತ್ರ ಹೋಗಬ್ಯಾಡ್ರಿ.

ಇನ್ನು ಮಬ್ಬು ಬಂತು ಅಂದಾಗ ನಾನು ನೋಡೋ ಸಾಲು ಇದು: ಅಕ್ರಿಲಿಕ್ ಪಟ್ಟಿ ಇಟ್ಟು ಫೋಕಸ್, ಟಾರ್ಚ್ ಹಾಕಿ ಲೆನ್ಸ್, ಪಾತ್ರೆ ಮೇಲೆ ಎಣ್ಣೆ ಇಲ್ಲಾ ಪ್ಲಾಸ್ಟಿಕ್ ಹಾಳೆ ಉಳಿದಿದ್ಯಾ, ಹುಡುಗ ಸೆಟ್ಟಿಂಗ್ ಮುಟ್ಟಿದ್ನಾ, ಸೋರ್ಸಿನ ಫ್ಯಾನ್ ತಿರುಗ್ತಿದ್ಯಾ, ವೋಲ್ಟೇಜ್ ಎಷ್ಟೈತೆ. ಇಷ್ಟೂ ಸರಿ ಇದ್ದು ಸೋಮವಾರದ ತುಂಡು ಇನ್ನೂ ಮಬ್ಬು ಅಂದ್ರೆ ಮಾತ್ರ ಸರ್ವಿಸ್‌ಗೆ ಫೋನ್, ಅದೂ ಎರಡೂ ತುಂಡಿನ ಫೋಟೊ ಮೊದ್ಲು ಕಳ್ಸಿ. ಅವರೂ ಆಗ ಸುಮ್ನೆ "ಸೋರ್ಸ್ ಹೋಗಿರ್ಬೇಕು ಸರ್" ಅನ್ನಲ್ಲ.

ಇನ್ನೊಂದು ಮರೀತಿದ್ದೆ, ಆಯುಧ ಪೂಜೆ. ನಾವೂ ಮಾಡ್ತೀವಿ, ಬಾಳೆಕಂದು ಕಟ್ಟಿ ಜೋರಾಗೇ ಮಾಡ್ತೀವಿ. ಆದ್ರೆ ಹಿಂದಿನ ದಿನಾನೇ ಲೆನ್ಸಿಗೆ ಕ್ಯಾಪ್ ಹಾಕಿ ಹೆಡ್ ಪೂರ್ತಿ ಪ್ಲಾಸ್ಟಿಕ್ ಕವರ್ ಸುತ್ತಿ, ಪ್ಲಗ್ ಕಿತ್ತು, ಫ್ಯಾನ್ ಕಿಂಡಿಗೆ ಬಟ್ಟೆ ಹಾಕಿರ್ತೀನಿ. ಅರಿಶಿಣ ಕುಂಕುಮ ವಿಭೂತಿ ಕಂಬಕ್ಕೆ ಮಾತ್ರ, ಧೂಪ ದೂರದಿಂದ. ಕುಂಬಳಕಾಯಿ, ತೆಂಗಿನಕಾಯಿ ಎರಡೂ ಹೊಸ್ತಿಲ ಆಚೆ ರೋಡಿನಾಗೆ. ಮಾರನೇ ದಿನ ಆ ಬಟ್ಟೆ ತೆಗೆಯೋದು ಮರೀಬ್ಯಾಡ್ರಿ, ಒಂದ್ಸಲ ಮರ್ತು ಆನ್ ಮಾಡಿ ಹತ್ತೇ ನಿಮಿಷಕ್ಕೆ ಟೆಂಪರೇಚರ್ ಅಲಾರಂ ಹೊಡೆಸ್ಕೊಂಡಿದೀನಿ.